ಗುರುತಿಲ್ಲದವರು ಇಟ್ಟುಹೋದ ಅಕ್ಷರಗಳು: ಡಿಎನ್‌ಎ ಡೇಟಾಬೇಸ್‌ಗಳ ಬಗ್ಗೆ ಒಂದು ಮಾತು

(ಇದು ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಫೈಲ್ ತೋರಿಸುತ್ತೇನೆ. ಬಣ್ಣ ಇಲ್ಲ, ಚಿತ್ರ ಇಲ್ಲ, ಬರೀ ಅಕ್ಷರ. ಮೇಲ್ಗಡೆ ಒಂದು ದಾಖಲೆ ಸಂಖ್ಯೆ ಇದೆ: ಎಂಎನ್908947.3. ಅದರ ಕೆಳಗೆ ಇದು ಯಾವ ಜೀವಿಯದ್ದು, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಕೊಟ್ಟರು ಅನ್ನುವ ವಿವರ. ಆಮೇಲೆ ಎಷ್ಟನೇ ಅಕ್ಷರದಿಂದ ಎಷ್ಟನೇ ಅಕ್ಷರದವರೆಗೆ ಯಾವ ಜೀನ್ ಇದೆ ಅನ್ನುವ ಪಟ್ಟಿ. ಆ ಪಟ್ಟಿ ಮುಗಿದ ಮೇಲೆ ಶುರುವಾಗುತ್ತದೆ ನೋಡಿ: ಎ, ಟಿ, ಟಿ, ಎ, ಎ, ಎ, ಜಿ, ಜಿ, ಟಿ, ಟಿ. ಎ, ಟಿ, ಜಿ, ಸಿ, ಈ ನಾಲ್ಕು ಅಕ್ಷರ ಡಿಎನ್‌ಎಯನ್ನು ಕಟ್ಟುವ ನಾಲ್ಕು ರಾಸಾಯನಿಕಗಳ ಗುರುತು. ಹತ್ತು ಅಕ್ಷರ ಆದ ಮೇಲೆ ಸ್ವಲ್ಪ ಜಾಗ ಖಾಲಿ. ಮತ್ತೆ ಹತ್ತು. ಸಾಲಿಗೆ ಅರವತ್ತು. ಆ ಸಾಲಿನ ಮೊದಲ ಅಕ್ಷರ ಎಷ್ಟನೆಯದು ಅಂತ ಎಡಗಡೆ ಎಣಿಕೆ. ಹೀಗೆ ಸುಮಾರು 500 ಸಾಲು. ಕೊನೆಕೊನೆಗೆ ಬರೀ ಎ, ಎ, ಎ ಅಂತ ಒಂದೇ ಅಕ್ಷರ ಸಾಲುಗಟ್ಟಿ ನಿಂತಿದೆ. ಆಮೇಲೆ ಎರಡು ಓರೆ ಗೆರೆ. ಅಲ್ಲಿಗೆ ದಾಖಲೆ ಮುಗಿಯಿತು.

ಒಟ್ಟು 29,903 ಅಕ್ಷರ. ಇಡೀ ಜಗತ್ತನ್ನು ಮನೆಯೊಳಗೆ ಕೂರಿಸಿದ ಕೊರೊನಾ ವೈರಸ್ಸಿನ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಬರಹ ಇದು. ಇಲ್ಲಿ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ಈ ವೈರಸ್ಸಿನಲ್ಲಿ ಇರುವುದು ಡಿಎನ್‌ಎ ಅಲ್ಲ, ಆರ್‌ಎನ್‌ಎ. ಅದರಲ್ಲಿ ಟಿ ಬದಲು ಯು ಇರುತ್ತದೆ. ಆದರೂ ಡೇಟಾಬೇಸ್‌ನಲ್ಲಿ ಟಿ ಅಂತಲೇ ಬರೆಯುವುದು ರೂಢಿ. ಎಲ್ಲವನ್ನೂ ಒಂದೇ ಲಿಪಿಯಲ್ಲಿ ಬರೆದರೆ ಪಕ್ಕಪಕ್ಕ ಇಟ್ಟು ನೋಡುವುದು ಸುಲಭ. ಈ 'ಪಕ್ಕಪಕ್ಕ ಇಟ್ಟು ನೋಡುವುದು' ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಅದರ ಸುತ್ತಲೇ ಇದೆ.

2020ರ ಜನವರಿ 3ರಂದು ಶಾಂಘೈನ ಝಾಂಗ್ ಯೋಂಗ್‌ಝೆನ್ ಅವರ ಪ್ರಯೋಗಾಲಯಕ್ಕೆ ವುಹಾನ್‌ನಿಂದ ರೋಗಿಯೊಬ್ಬರ ಮಾದರಿ ಬಂತು. ಜನವರಿ 5ರ ಹೊತ್ತಿಗೆ ಅದರ ಅಕ್ಷರಗಳೆಲ್ಲ ಓದಿ ಆಗಿತ್ತು. ಆದರೆ ಹೊರಗೆ ಬಿಡಲು ಅನುಮತಿ ಇರಲಿಲ್ಲ. ಜನವರಿ 11ರ ಬೆಳಿಗ್ಗೆ ಝಾಂಗ್ ವಿಮಾನ ಹತ್ತಿ ಕೂತಿದ್ದಾಗ ಸಿಡ್ನಿಯಿಂದ ವೈರಸ್ ಸಂಶೋಧಕ ಎಡ್ವರ್ಡ್ ಹೋಮ್ಸ್ ಅವರ ಫೋನ್ ಬಂತು. ಇದನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿಬಿಡೋಣವಾ ಅಂತ ಹೋಮ್ಸ್ ಕೇಳಿದರು. ಝಾಂಗ್ ಒಂದು ನಿಮಿಷ ಯೋಚಿಸಿ ಒಪ್ಪಿದರು. ವೈರಸ್ ಸಂಶೋಧಕರ ಒಂದು ಮುಕ್ತ ತಾಣದಲ್ಲಿ ಅಕ್ಷರಗಳು ಬಂದವು. ಜೆನ್‌ಬ್ಯಾಂಕ್ ಡೇಟಾಬೇಸ್‌ನಲ್ಲೂ ದಾಖಲೆ ತೆರೆದುಕೊಂಡಿತು. ಕೆಲವೇ ದಿನಗಳಲ್ಲಿ ಬರ್ಲಿನ್‌ನಲ್ಲಿ ಪಿಸಿಆರ್ ಪರೀಕ್ಷೆ ತಯಾರಾಯಿತು. ಅಮೆರಿಕದಲ್ಲಿ ಮೊಡೆರ್ನಾ ಲಸಿಕೆಯ ವಿನ್ಯಾಸ ಜನವರಿ 13ಕ್ಕೇ ಮುಗಿಯಿತು, ಮಾರ್ಚ್ 16ಕ್ಕೆ ಮೊದಲ ಸ್ವಯಂಸೇವಕರ ತೋಳಿಗೆ ಚುಚ್ಚಿದರು. ಲಸಿಕೆಯ ವಿನ್ಯಾಸ ಮಾಡಿದವರ ಕೈಯಲ್ಲಿ ಆಗ ವೈರಸ್ಸೇ ಇರಲಿಲ್ಲ. ಇದ್ದದ್ದು ಈ ಅಕ್ಷರಗಳು ಮಾತ್ರ.

ದಾಖಲೆ ಸಂಖ್ಯೆಯ ಕೊನೆಯಲ್ಲಿ ಒಂದು ಚುಕ್ಕಿ, ಚುಕ್ಕಿಯ ಮುಂದೆ 3 ಅಂತ ಇದೆ, ಗಮನಿಸಿ. ಅಂದರೆ ಇದು ಮೂರನೇ ಆವೃತ್ತಿ. ಮೊದಲ ಆವೃತ್ತಿಯಲ್ಲಿ 30,473 ಅಕ್ಷರ ಇತ್ತು. ಅವಸರದ ಕೆಲಸ, ಬಾಲದ ಕಡೆ ತಪ್ಪು ನುಸುಳಿತ್ತು. ತಿದ್ದಿದರು. ಹಳೆಯದನ್ನು ಅಳಿಸಿಹಾಕಲಿಲ್ಲ, ಅದು ಈಗಲೂ ಅಲ್ಲೇ ಇದೆ. ಯಾರು, ಯಾವ ದಿನ, ಯಾವ ಆವೃತ್ತಿ ನೋಡಿ ಏನು ಹೇಳಿದರು ಅಂತ ಮುಂದೆ ಬರುವವರಿಗೂ ತಿಳಿಯಬೇಕಲ್ವಾ?

ಈಗ ಮುಖ್ಯ ಪ್ರಶ್ನೆ. ಈ ಎ, ಟಿ, ಟಿ, ಎ ನೋಡಿ ಇದು ಕೊರೊನಾ ವೈರಸ್ ಅಂತ ಹೇಗೆ ಗೊತ್ತಾಯಿತು? ಅಕ್ಷರಗಳಲ್ಲಿ ಹೆಸರು ಬರೆದಿರುವುದಿಲ್ಲ. ಮೂವತ್ತು ಸಾವಿರ ಅಕ್ಷರವನ್ನು ಸುಮ್ನೆ ದಿಟ್ಟಿಸಿ ನೋಡಿದರೆ ಎಂಥ ಜಾಣರಿಗೂ ಏನೂ ಹೊಳೆಯುವುದಿಲ್ಲ. ಗೊತ್ತಾಗಿದ್ದು ಹೇಗೆಂದರೆ, 2003ರ ಸಾರ್ಸ್ ವೈರಸ್ಸಿನ ಜೀನೋಮನ್ನು ಯಾರೋ ಮೊದಲೇ ಡೇಟಾಬೇಸ್‌ನಲ್ಲಿ ಇಟ್ಟಿದ್ದರು. ಬಾವಲಿಗಳಲ್ಲಿ ಸಿಕ್ಕ ಎಷ್ಟೋ ವೈರಸ್‌ಗಳನ್ನು ಇನ್ಯಾರೋ ಇಟ್ಟಿದ್ದರು. ಪಕ್ಕದಲ್ಲಿಟ್ಟು ನೋಡಿದಾಗ ಸಾರ್ಸ್ ಜೊತೆ ನೂರಕ್ಕೆ ಸುಮಾರು 80 ಭಾಗ ಹೋಲಿಕೆ ಸಿಕ್ಕಿತು. ಒಂಟಿಯಾಗಿ ಇರುವಾಗ ಸೀಕ್ವೆನ್ಸ್, ಅಂದರೆ ಈ ಅಕ್ಷರಗಳ ಸಾಲು, ಮೂಕ. ನೆಂಟರ ಪಕ್ಕ ಕೂರಿಸಿದಾಗ ಮಾತಾಡುತ್ತದೆ. ಆ ನೆಂಟರನ್ನು ತಂದು ಕೂರಿಸಿದವರು ಬೇರೆ ಯಾವುದೋ ಪ್ರಶ್ನೆ ಹಿಡಿದು ಹೊರಟಿದ್ದವರು, ನಮಗೆ ಗುರುತಿಲ್ಲದವರು. ನನಗೆ ಈ ವಿಷಯದಲ್ಲಿ ಇಷ್ಟೊಂದು ಪ್ರೀತಿ ಹುಟ್ಟಲು ಇದೇ ಕಾರಣ.

ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ. ಡಿಎನ್‌ಎ ಓದುವುದಕ್ಕಿಂತ ಮೊದಲು ಜನ ಓದಲು ಕಲಿತಿದ್ದು ಪ್ರೋಟೀನ್. ಫ್ರೆಡ್ರಿಕ್ ಸ್ಯಾಂಗರ್ 1950ರ ದಶಕದಲ್ಲಿ ಇನ್ಸುಲಿನ್ ಎಂಬ ಪ್ರೋಟೀನಿನಲ್ಲಿ ಮಣಿಗಳ ಹಾಗೆ ಪೋಣಿಸಿರುವ ಅಮೈನೊ ಆಮ್ಲಗಳ ಸಾಲನ್ನು ಪೂರ್ತಿ ಓದಿದರು. ಆಮೇಲೆ ಒಬ್ಬೊಬ್ಬರೇ ಒಂದೊಂದು ಪ್ರೋಟೀನ್ ಓದತೊಡಗಿದರು. ಅವೆಲ್ಲ ಬೇರೆ ಬೇರೆ ಪತ್ರಿಕೆಗಳಲ್ಲಿ ಚದುರಿ ಹೋಗಿದ್ದವು. ಅಮೆರಿಕದ ಮಾರ್ಗರೆಟ್ ಡೇಹಾಫ್ ಅವನ್ನೆಲ್ಲ ಒಂದೆಡೆ ಸೇರಿಸಿ 1965ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿದ್ದದ್ದು 65 ಪ್ರೋಟೀನ್. ಅಮೈನೊ ಆಮ್ಲಗಳಿಗೆ ಒಂದೊಂದೇ ಅಕ್ಷರದ ಹೆಸರು ಕೊಟ್ಟವರೂ ಇವರೇ. ಆಗಿನ ಕಂಪ್ಯೂಟರಿಗೆ ತೂತು ಕೊರೆದ ಕಾರ್ಡ್ ಹಾಕಬೇಕಿತ್ತು. ಮೂರಕ್ಷರದ ಹೆಸರಿಗೆ ಜಾಗ ಜಾಸ್ತಿ ಬೇಕಾಗುತ್ತಿತ್ತು. ಈಗಲೂ ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲಿ ಆ ಒಂದಕ್ಷರದ ಹೆಸರುಗಳೇ ಬಳಕೆಯಲ್ಲಿವೆ. ಪತ್ರಿಕೆ ತಿರುವಿ, ನಕಲು ಮಾಡಿ, ತಪ್ಪು ಹುಡುಕಿ ಜೋಡಿಸುವ ಕೆಲಸವನ್ನು ಆ ಕಾಲದಲ್ಲಿ ಎಷ್ಟೋ ಜನ ವಿಜ್ಞಾನ ಅಂತಲೇ ಒಪ್ಪಿರಲಿಲ್ಲ. ಅದು ಗುಮಾಸ್ತಿಕೆ ಅನ್ನುವ ಭಾವನೆ ಇತ್ತು. ಅದು ದೊಡ್ಡ ತಪ್ಪು ತಿಳಿವಳಿಕೆ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

1977ರಲ್ಲಿ ಅದೇ ಸ್ಯಾಂಗರ್ ಡಿಎನ್‌ಎ ಓದುವ ವೇಗದ ವಿಧಾನ ಕೊಟ್ಟರು. ಬ್ಯಾಕ್ಟೀರಿಯಾಕ್ಕೆ ತಗಲುವ ಫೈಎಕ್ಸ್174 ಎಂಬ ಪುಟ್ಟ ವೈರಸ್ಸಿನ ಐದು ಸಾವಿರ ಚಿಲ್ಲರೆ ಅಕ್ಷರಗಳನ್ನು ಓದಿ ತೋರಿಸಿದರು. ಅಲ್ಲಿಂದ ಅಕ್ಷರಗಳ ಹೊಳೆಯೇ ಹರಿಯಿತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಯುರೋಪಿನ ಡೇಟಾ ಲೈಬ್ರರಿ ಶುರುವಾಯಿತು. 1982ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜೆನ್‌ಬ್ಯಾಂಕ್ ಹುಟ್ಟಿತು. ಅದನ್ನು ಕಟ್ಟಿದ ವಾಲ್ಟರ್ ಗೋಡ್ ಮೊದಲು ಹೈಡ್ರೋಜನ್ ಬಾಂಬಿನ ಕೆಲಸದಲ್ಲಿದ್ದ ಭೌತವಿಜ್ಞಾನಿ. 1987ರಿಂದ ಜಪಾನಿನ ಮಿಶಿಮಾದಲ್ಲಿ ಡಿಡಿಬಿಜೆ ಎಂಬ ಡಿಎನ್‌ಎ ಡೇಟಾಬೇಸ್ ಸೇರಿಕೊಂಡಿತು. ಈ ಮೂರೂ ಕಡೆಯವರು ದಿನಾ ತಮ್ಮಲ್ಲಿಗೆ ಬಂದದ್ದನ್ನು ಉಳಿದಿಬ್ಬರಿಗೆ ಕಳಿಸುತ್ತಾರೆ. ಎಲ್ಲಿ ಇಟ್ಟರೂ ಎಲ್ಲ ಕಡೆ ಸಿಗುತ್ತದೆ. ದೇಶ ದೇಶಗಳ ನಡುವೆ ಏನೇನೋ ನಡೆದಿದೆ, ಆದರೆ ಈ ಕೊಡುಕೊಳ್ಳುವಿಕೆ ನಿಂತಿಲ್ಲ.

1982ರ ಡಿಸೆಂಬರಿನಲ್ಲಿ ಜೆನ್‌ಬ್ಯಾಂಕ್‌ನಲ್ಲಿ ಇದ್ದದ್ದು 606 ಸೀಕ್ವೆನ್ಸ್, ಒಟ್ಟು 6,80,338 ಅಕ್ಷರ. ಒಬ್ಬ ಮನುಷ್ಯನ ಜೀನೋಮ್ ಒಂದರಲ್ಲೇ ಮುನ್ನೂರು ಕೋಟಿ ಅಕ್ಷರ ಇದೆ ಅಂದರೆ, ಅದು ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಿ. ಆಗ ಸಿಬ್ಬಂದಿ ಪತ್ರಿಕೆಯಲ್ಲಿ ಅಚ್ಚಾದ ಅಕ್ಷರಗಳನ್ನು ನೋಡಿಕೊಂಡು ಒಂದೊಂದಾಗಿ ಟೈಪ್ ಮಾಡುತ್ತಿದ್ದರು. ನಾಲ್ಕೇ ಅಕ್ಷರ, ಅರ್ಥ ಹಿಡಿಯಲು ಒಂದು ಪದವೂ ಇಲ್ಲ. ಹೊಳೆ ಏರಿದಂತೆ ಇವರು ಹಿಂದೆ ಬಿದ್ದರು. ಕೊನೆಗೆ ಪತ್ರಿಕೆಗಳೇ ಒಂದು ನಿಯಮ ತಂದವು. ಮೊದಲು ಸೀಕ್ವೆನ್ಸನ್ನು ಡೇಟಾಬೇಸ್‌ಗೆ ಹಾಕಿ, ದಾಖಲೆ ಸಂಖ್ಯೆ ತನ್ನಿ, ಆಮೇಲೆ ನಿಮ್ಮ ಲೇಖನ ಅಚ್ಚು ಮಾಡುತ್ತೇವೆ. ಈ ಸಣ್ಣ ನಿಯಮ ಇಲ್ಲದಿದ್ದರೆ ಇವತ್ತು ನಾವು ಮಾತಾಡುತ್ತಿರುವ ಯಾವುದೂ ಇರುತ್ತಿರಲಿಲ್ಲ.

ಹೀಗೆ ಒಂದೆಡೆ ಕೂಡಿಸಿ ಹೋಲಿಸುವುದರಿಂದ ಏನು ಸಿಗುತ್ತದೆ ಅನ್ನುವುದು 1983ರಲ್ಲೇ ಗೊತ್ತಾಯಿತು. ಕೋತಿಗಳಲ್ಲಿ ಗಡ್ಡೆ ಬೆಳೆಸುವ ಒಂದು ವೈರಸ್ಸಿನ ಕ್ಯಾನ್ಸರ್ ಜೀನನ್ನು ಒಂದು ತಂಡ ಓದಿತ್ತು. ನಮ್ಮ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಇರುವ, ಗಾಯ ಮಾಯುವಾಗ ಜೀವಕೋಶಗಳಿಗೆ 'ಬೆಳೆಯಿರಿ' ಅಂತ ಹೇಳುವ ಪ್ರೋಟೀನನ್ನು ಇನ್ನೊಂದು ತಂಡ ಓದಿತು. ಈ ಎರಡು ಕೆಲಸಕ್ಕೆ ಎಲ್ಲಿಂದೆಲ್ಲಿಗೂ ಸಂಬಂಧವಿಲ್ಲ. ಸ್ಯಾನ್ ಡಿಯೇಗೊದಲ್ಲಿ ರಸೆಲ್ ಡೂಲಿಟಲ್, ಲಂಡನ್ನಿನಲ್ಲಿ ಮೈಕೆಲ್ ವಾಟರ್‌ಫೀಲ್ಡ್ ತಂಡ, ಬೇರೆ ಬೇರೆಯಾಗಿಯೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಹೆಚ್ಚುಕಡಿಮೆ ಒಂದೇ! ಅಂದರೆ ಕ್ಯಾನ್ಸರ್ ಜೀನ್ ಎಲ್ಲಿಂದಲೋ ಬಂದ ವಿಷವಲ್ಲ. ನಮ್ಮದೇ ಬೆಳವಣಿಗೆಯ ಜೀನು, ಲಗಾಮು ಕಳಚಿಕೊಂಡಿದೆ ಅಷ್ಟೆ. ಇದನ್ನು ಕಂಡುಹಿಡಿಯಲು ಹೊಸ ಪ್ರಯೋಗ ಬೇಕಾಗಲಿಲ್ಲ. ಹೋಲಿಸಿ ನೋಡಿದ್ದೇ ಸಾಕಾಯಿತು.

ಹುಡುಕುವುದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದೊಂದು ಸುಂದರವಾದ ಉಪಾಯ. ಎರಡು ಸೀಕ್ವೆನ್ಸ್‌ಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವ ಕರಾರುವಾಕ್ಕಾದ ವಿಧಾನಗಳು ಮೊದಲೇ ಇದ್ದವು. ಆದರೆ ಕೋಟಿಗಟ್ಟಲೆ ಅಕ್ಷರದ ಎದುರು ಅವು ಬಹಳ ನಿಧಾನ. 1990ರಲ್ಲಿ ಸ್ಟೀಫನ್ ಆಲ್ಟ್‌ಶುಲ್, ಡೇವಿಡ್ ಲಿಪ್‌ಮನ್ ಮತ್ತು ಮೂವರು ಜೊತೆಗಾರರು ಬ್ಲಾಸ್ಟ್ ಎಂಬ ಪ್ರೋಗ್ರಾಂ ಕೊಟ್ಟರು. ಅದು ನೀವು ಕೊಟ್ಟ ಸೀಕ್ವೆನ್ಸನ್ನು ಚಿಕ್ಕ ಚಿಕ್ಕ ತುಂಡು ಮಾಡುತ್ತದೆ. ಹನ್ನೊಂದು ಅಕ್ಷರದ ತುಂಡು ಅಂತ ಇಟ್ಟುಕೊಳ್ಳಿ. ಡೇಟಾಬೇಸ್‌ನಲ್ಲಿ ಆ ತುಂಡು ಎಲ್ಲೆಲ್ಲಿ ಇದೆಯೋ ಅಲ್ಲಿಗೆ ನೇರ ಹೋಗುತ್ತದೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಹೋಲಿಕೆ ಎಷ್ಟು ದೂರ ಸಾಗುತ್ತದೆ ಅಂತ ನೋಡುತ್ತದೆ. ಹೊಂದಿದ ಅಕ್ಷರಕ್ಕೆ ಅಂಕ ಕೊಡುತ್ತದೆ, ಹೊಂದದ್ದಕ್ಕೆ ಕಳೆಯುತ್ತದೆ. ಅಂಕ ಬೀಳುತ್ತಾ ಹೋದರೆ ಅಲ್ಲಿಗೇ ಬಿಡುತ್ತದೆ.

ಕೊನೆಗೆ ಇನ್ನೊಂದು ಸಂಖ್ಯೆ ಕೊಡುತ್ತದೆ. ಇಷ್ಟು ಒಳ್ಳೆಯ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದಿತ್ತು ಅನ್ನುವ ಅಂದಾಜು ಅದು. ಇದು ಯಾಕೆ ಬೇಕು ಗೊತ್ತಾ? ಇರುವುದು ನಾಲ್ಕೇ ಅಕ್ಷರ. ಹನ್ನೊಂದು ಅಕ್ಷರದ ಯಾವುದೇ ತುಂಡು ಸರಾಸರಿ 42 ಲಕ್ಷ ಅಕ್ಷರಕ್ಕೊಮ್ಮೆ ಸುಮ್ನೆ ತಾನಾಗಿಯೇ ಬರುತ್ತದೆ. ಅಷ್ಟು ಸಣ್ಣ ಹೋಲಿಕೆ ಸಿಕ್ಕಿತು ಅಂತ ಹಿಗ್ಗುವ ಹಾಗಿಲ್ಲ. ಅದೇ ಇಪ್ಪತ್ತು ಅಕ್ಷರ ಆದರೆ ಒಂದು ಲಕ್ಷ ಕೋಟಿ ಅಕ್ಷರಕ್ಕೊಮ್ಮೆ. ಡೇಟಾಬೇಸ್ ದೊಡ್ಡದಾದಷ್ಟೂ ಆಕಸ್ಮಿಕದ ಹೋಲಿಕೆಗಳೂ ಜಾಸ್ತಿ. ಅದಕ್ಕೇ ಆ ಸಂಖ್ಯೆ ನೋಡದೆ ಹೋಲಿಕೆಯನ್ನು ನಂಬಬಾರದು ಅಂತ ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತಿರುತ್ತೇನೆ.

ಈಗ ನನಗೆ ತುಂಬಾ ಇಷ್ಟವಾದ ಕಥೆ.

ಸ್ಪೇನ್ ದೇಶದ ಅಲಿಕಾಂಟೆಯಲ್ಲಿ ಫ್ರಾನ್ಸಿಸ್ಕೊ ಮೊಹಿಕಾ ಅಂತ ಒಬ್ಬ ಯುವ ಸಂಶೋಧಕ. ಉಪ್ಪಿನ ಹೊಂಡಗಳಲ್ಲಿ ಬದುಕುವ ಸೂಕ್ಷ್ಮಜೀವಿಯ ಮೇಲೆ ಕೆಲಸ ಮಾಡುತ್ತಿದ್ದರು. ಅದರ ಡಿಎನ್‌ಎಯಲ್ಲಿ ಒಂದು ವಿಚಿತ್ರ ಕಂಡಿತು. ಸುಮಾರು ಮೂವತ್ತು ಅಕ್ಷರದ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಎರಡು ಸಾಲಿನ ನಡುವೆ ಸುಮಾರು ಮೂವತ್ತಾರು ಅಕ್ಷರದ ಬೇರೆ ತುಂಡು. ಸಾಲು ಅದೇ, ನಡುವಿನ ತುಂಡು ಮಾತ್ರ ಪ್ರತಿಸಲ ಹೊಸದು. ಪಲ್ಲವಿ ಒಂದೇ, ಚರಣಗಳು ಬೇರೆ ಬೇರೆ ಇರುತ್ತವಲ್ಲ, ಹಾಗೆ. ಜಪಾನಿನ ಒಂದು ತಂಡ 1987ರಲ್ಲೇ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇಂಥದ್ದನ್ನೇ ನೋಡಿ, ಇದರ ಅರ್ಥ ಗೊತ್ತಿಲ್ಲ ಅಂತ ಬರೆದಿಟ್ಟಿತ್ತು. ಗೊತ್ತಿಲ್ಲದ್ದನ್ನೂ ಬರೆದಿಟ್ಟಿದ್ದರು, ನೋಡಿ!

ಮೊಹಿಕಾ ಹತ್ತು ವರ್ಷ ಇದರ ಹಿಂದೆ ಬಿದ್ದರು. ಬೇರೆ ಬೇರೆ ಸೂಕ್ಷ್ಮಜೀವಿಗಳಲ್ಲೂ ಪಲ್ಲವಿ ಸಿಕ್ಕಿತು. ಅದು ಏನು ಮಾಡುತ್ತದೆ ಅಂತ ಮಾತ್ರ ಹೊಳೆಯಲಿಲ್ಲ. ಆಮೇಲೆ ಅವರು ನಡುವಿನ ಚರಣಗಳ ಕಡೆ ತಿರುಗಿದರು. ಒಂದೊಂದೇ ತುಂಡನ್ನು ಬ್ಲಾಸ್ಟ್‌ಗೆ ಹಾಕಿ ಹುಡುಕಿದರು. ಏನೂ ಸಿಗಲಿಲ್ಲ. ಡೇಟಾಬೇಸ್ ಬೆಳೆಯುತ್ತಿತ್ತು. ಮತ್ತೆ ಹುಡುಕಿದರು. 2003ರ ಬೇಸಿಗೆಯಲ್ಲಿ ಇ. ಕೋಲಿಯ ಒಂದು ತಳಿಯ ಚರಣ ಹಾಕಿದಾಗ ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತು. ಆ ತುಂಡು ಪಿ1 ಎಂಬ ವೈರಸ್ಸಿನ ಡಿಎನ್‌ಎಗೆ ಹೊಂದಿತು. ಪಿ1 ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್. ಇದರಲ್ಲಿ ಇನ್ನೂ ಒಂದು ಸ್ವಾರಸ್ಯ ಇದೆ. ಈ ತಳಿಗೆ ಪಿ1 ತಗಲುವುದಿಲ್ಲ ಅಂತ ಮೊದಲೇ ಗೊತ್ತಿತ್ತು.

ಮೊಹಿಕಾ ಆಮೇಲೆ ಸುಮಾರು 4,500 ಚರಣಗಳನ್ನು ಹುಡುಕಿದರು. 88ಕ್ಕೆ ಹೋಲಿಕೆ ಸಿಕ್ಕಿತು. ಅದರಲ್ಲಿ ಮೂರನೇ ಎರಡು ಭಾಗ ವೈರಸ್‌ಗಳದ್ದು, ಇಲ್ಲವೇ ವೈರಸ್‌ನ ಹಾಗೆ ಒಳಗೆ ನುಗ್ಗುವ ಡಿಎನ್‌ಎಗಳದ್ದು. ಅವರಿಗೆ ಅರ್ಥವಾಯಿತು: ಇದು ಬ್ಯಾಕ್ಟೀರಿಯಾದ ನೆನಪಿನ ಪುಸ್ತಕ. ಹಿಂದೆ ದಾಳಿ ಮಾಡಿದ ವೈರಸ್‌ಗಳ ಗುರುತನ್ನು ಅದು ತನ್ನ ಡಿಎನ್‌ಎಯಲ್ಲೇ ಬರೆದಿಟ್ಟುಕೊಂಡಿದೆ. ಅಂದರೆ ಬ್ಯಾಕ್ಟೀರಿಯಾಕ್ಕೂ ರೋಗನಿರೋಧಕ ಶಕ್ತಿ ಇದೆ, ಅದು ಕಲಿಯುತ್ತದೆ. ಹಲವು ದೊಡ್ಡ ಪತ್ರಿಕೆಗಳು ಈ ಲೇಖನ ವಾಪಸು ಕಳಿಸಿದವು. 2005ರಲ್ಲಿ ಕೊನೆಗೂ ಅಚ್ಚಾಯಿತು. ಅದೇ ವರ್ಷ ಇನ್ನೆರಡು ತಂಡಗಳೂ ಹೀಗೆಯೇ ಹುಡುಕಿ ಅದೇ ಮಾತು ಹೇಳಿದವು. ಆ ಪಲ್ಲವಿಯ ಹೆಸರು ಕ್ರಿಸ್ಪರ್. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪಾಂಟಿಯೆ ಅದನ್ನು ಡಿಎನ್‌ಎ ಕತ್ತರಿಸುವ ಉಪಕರಣ ಮಾಡಿ ತೋರಿಸಿದರು. 2020ರಲ್ಲಿ ಅವರಿಬ್ಬರಿಗೆ ನೊಬೆಲ್ ಬಂತು.

ನಾನು ಈ ಕಥೆಯಲ್ಲಿ ನಿಲ್ಲುವುದು ಆ ಎರಡು ಹುಡುಕಾಟಗಳ ನಡುವೆ. ಮೊದಲ ಸಲ ಏನೂ ಸಿಗಲಿಲ್ಲ. ಇನ್ನೊಂದು ಸಲ ಸಿಕ್ಕಿತು. ಪ್ರಶ್ನೆ ಅದೇ, ಪ್ರೋಗ್ರಾಂ ಅದೇ. ಆ ಅವಧಿಯಲ್ಲಿ ಡೇಟಾಬೇಸ್ ಬೆಳೆದಿತ್ತು. ಬೇರೆ ಯಾರೋ ಯಾವುದೋ ವೈರಸ್ ಓದಿ ಒಳಗೆ ಹಾಕಿದ್ದರು. ತಾವು ಹಾಕಿದ ಅಕ್ಷರಗಳು ಕ್ರಿಸ್ಪರ್‌ನ ಬೀಗಕ್ಕೆ ಕೀಲಿ ಆಗುತ್ತವೆ ಅಂತ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಡೇಹಾಫ್ ಮಾಡಿದ್ದು ಗುಮಾಸ್ತಿಕೆ ಅಲ್ಲ ಅಂತ ಆಗ ಹೇಳಿದೆನಲ್ಲ, ಕಾರಣ ಇದು. ಇನ್ನೂ ಯಾರೂ ಕೇಳದ ಪ್ರಶ್ನೆಗೆ ಉತ್ತರವನ್ನು ಜೋಪಾನವಾಗಿ ಇಡುವ ಕೆಲಸ ಅದು.

ಒಬ್ಬರು ಮಧ್ಯದಲ್ಲಿ ಕೇಳಿದರು: "ಅಲ್ಲಿ ಇರುವುದೆಲ್ಲ ಸರಿ ಅಂತ ಏನು ಗ್ಯಾರಂಟಿ?"

ಗ್ಯಾರಂಟಿ ಇಲ್ಲ. ಇದನ್ನು ಮುಚ್ಚಿಡಬಾರದು. 1994ರಲ್ಲಿ ಒಂದು ತಂಡ ಎಂಟು ಕೋಟಿ ವರ್ಷ ಹಳೆಯ ಮೂಳೆಯಿಂದ ಡಿಎನ್‌ಎ ತೆಗೆದೆವು, ಬಹುಶಃ ಡೈನೋಸಾರಿನದ್ದು ಅಂತ ಪ್ರಕಟಿಸಿತು. ಬೇರೆಯವರು ಕೂತು ಹೋಲಿಸಿದರು. ಡೈನೋಸಾರಿನ ನೆಂಟರಾದ ಹಕ್ಕಿಯ ಹತ್ತಿರವೂ ಬರಲಿಲ್ಲ, ಮೊಸಳೆಯ ಹತ್ತಿರವೂ ಬರಲಿಲ್ಲ. ಹೊಂದಿದ್ದು ಮನುಷ್ಯರ ಡಿಎನ್‌ಎಗೆ. ಯಾರದೋ ಚರ್ಮದ ಚೂರೋ ಉಸಿರಿನ ಹನಿಯೋ ಬಿದ್ದಿತ್ತು. 2015ರಲ್ಲಿ ಟಾರ್ಡಿಗ್ರೇಡ್, ಅಂದರೆ ನೀರು ಕರಡಿ ಅನ್ನುವ ಪುಟಾಣಿ ಪ್ರಾಣಿಯ ಜೀನೋಮ್ ಬಂತು. ಅದರ ಜೀನುಗಳಲ್ಲಿ ಆರರಲ್ಲೊಂದು ಭಾಗ ಬ್ಯಾಕ್ಟೀರಿಯಾ ಮುಂತಾದ ಬೇರೆ ಜೀವಿಗಳಿಂದ ಎರವಲು ಬಂದದ್ದು ಅಂತ ದೊಡ್ಡ ಸುದ್ದಿಯಾಯಿತು. ಎಡಿನ್‌ಬರೊದ ತಂಡವೊಂದು ಅದೇ ಪ್ರಾಣಿಯನ್ನು ತಾನೇ ಓದಿತ್ತು. ಎರಡನ್ನೂ ಇಟ್ಟು ನೋಡಿದರೆ ಎರವಲಿನ ಬಹುಪಾಲು ಬರೀ ಕೊಳೆ. ಪ್ರಾಣಿಯ ಜೊತೆ ನೀರಿನಲ್ಲಿದ್ದ ಬ್ಯಾಕ್ಟೀರಿಯಾಗಳೂ ಓದಿನಲ್ಲಿ ಸೇರಿಕೊಂಡಿದ್ದವು. ತಪ್ಪು ಸಿಕ್ಕಿದ್ದಕ್ಕೆ ಕಾರಣ ಎರಡೂ ತಂಡದವರು ತಮ್ಮ ಅಕ್ಷರಗಳನ್ನು ಬಿಚ್ಚಿ ತೋರಿಸಿದ್ದು. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರೆ ಆ ಸುಳ್ಳು ಇವತ್ತಿಗೂ ಪಠ್ಯಪುಸ್ತಕದಲ್ಲಿ ಇರುತ್ತಿತ್ತೇನೋ.

2020ರಲ್ಲಿ ಇಬ್ಬರು ಸಂಶೋಧಕರು ಇಡೀ ಜೆನ್‌ಬ್ಯಾಂಕನ್ನು ಸೋಸಿ ನೋಡಿದರು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ದಾಖಲೆಗಳಲ್ಲಿ ಬೇರೆ ಜೀವಿಯ ಡಿಎನ್‌ಎ ಬೆರೆತಿತ್ತು. ಇದಕ್ಕಿಂತ ಕಷ್ಟ ಕೊಡುವುದು ಹೆಸರಿನ ತಪ್ಪು. ಯಾರೋ ಒಂದು ಜೀನಿಗೆ ತಪ್ಪು ಹೆಸರು ಕೊಟ್ಟರು ಅಂತ ಇಟ್ಟುಕೊಳ್ಳಿ. ಅದರ ಹಾಗೇ ಕಾಣುವ ಜೀನ್ ಸಿಕ್ಕವರು ಅದನ್ನು ನೋಡಿಕೊಂಡು ಅದೇ ಹೆಸರು ಕೊಡುತ್ತಾರೆ. ಮೂರನೆಯವರು ಎರಡನೆಯವರನ್ನು ನೋಡುತ್ತಾರೆ. ಹೀಗೆ ತಪ್ಪು ಒಂದು ವಂಶವನ್ನೇ ಬೆಳೆಸುತ್ತದೆ. ಮೊದಲು ಎಲ್ಲಿ ತಪ್ಪಾಯಿತು ಅಂತ ಹಿಂದಕ್ಕೆ ಹೋಗಿ ಹುಡುಕುವುದು ಬಹಳ ಕಷ್ಟ.

ಇನ್ನೊಂದು ತೊಡಕೂ ಇದೆ. ಜೆನ್‌ಬ್ಯಾಂಕ್ ಒಂದು ದಾಖಲೆಗಳ ಉಗ್ರಾಣ. ಇಟ್ಟವರೇ ತಿದ್ದಬೇಕು, ಬೇರೆಯವರು ಕೈ ಹಾಕುವ ಹಾಗಿಲ್ಲ. ಇಟ್ಟವರು ಕೆಲಸ ಬಿಟ್ಟು ಹೋಗಿರಬಹುದು, ತೀರಿಕೊಂಡಿರಲೂಬಹುದು. ಅದಕ್ಕೇ ಅದರ ಪಕ್ಕದಲ್ಲೇ ರೆಫ್‌ಸೀಕ್ ಅಂತ ಇನ್ನೊಂದನ್ನು ಇಟ್ಟಿದ್ದಾರೆ. ಅಲ್ಲಿ ತಜ್ಞರು ಆರಿಸಿ, ಪರಿಶೀಲಿಸಿದ ದಾಖಲೆಗಳಿರುತ್ತವೆ.

ವಿವರ ಬರೆಯದೆ ಬಿಡುವುದು ಕೂಡ ತಪ್ಪಿಗಿಂತ ಕಡಿಮೆಯಲ್ಲ. ಯಾವ ಜಾಗದಲ್ಲಿ, ಯಾವ ದಿನ ತೆಗೆದ ಮಾದರಿ ಅನ್ನುವ ಜಾಗ ಖಾಲಿ ಇರುವ ಹಳೆಯ ದಾಖಲೆಗಳು ಲೆಕ್ಕವಿಲ್ಲದಷ್ಟಿವೆ. ನಾನು ತೆರೆದು ನೋಡುವಾಗ ಆ ಖಾಲಿ ಜಾಗ ಕಂಡರೆ ಹೊಟ್ಟೆ ಉರಿಯುತ್ತದೆ. ಯಾರೋ ಬಿಸಿಲಿನಲ್ಲಿ ಕಾಡು ಸುತ್ತಿ ಒಂದು ಕಪ್ಪೆಯ ಮಾದರಿ ತಂದಿರುತ್ತಾರೆ. ಊರಿನ ಹೆಸರು ಬರೆಯಲು ಅರ್ಧ ನಿಮಿಷ ಸಾಕಿತ್ತು. ಅದಿಲ್ಲದೆ ಆ ಕಪ್ಪೆ ಎಲ್ಲಿಯದು, ಈಗಲೂ ಅಲ್ಲಿ ಇದೆಯಾ ಅಂತ ಯಾರೂ ಕೇಳುವ ಹಾಗಿಲ್ಲ. 2023ರಿಂದ ಈ ಎರಡು ವಿವರವನ್ನು ಕಡ್ಡಾಯ ಮಾಡಿದ್ದಾರೆ. ತಡವಾಯಿತು, ಆದರೂ ಆಯಿತಲ್ಲ.

ಹಳೆಯ ರಾಶಿಯಿಂದ ಹೊಸದು ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಇನ್ನೊಂದೇ ಉದಾಹರಣೆ ಕೊಡುತ್ತೇನೆ. ಯಂತ್ರಗಳು ಓದುವ ಕಚ್ಚಾ ತುಣುಕುಗಳನ್ನೇ ಇಡುವ ಬೇರೆ ಭಂಡಾರ ಇದೆ. ಮಣ್ಣು, ಸಮುದ್ರದ ನೀರು, ಪ್ರಾಣಿಗಳ ಕರುಳು, ಹೀಗೆ ಯಾವ್ಯಾವುದೋ ಉದ್ದೇಶಕ್ಕೆ ಓದಿದ್ದೆಲ್ಲ ಅಲ್ಲಿದೆ. ಅರ್ಟೆಮ್ ಬಾಬಾಯನ್ ಮತ್ತು ಗೆಳೆಯರು ಅದರಲ್ಲಿ 57 ಲಕ್ಷ ಮಾದರಿಗಳನ್ನು ಒಟ್ಟಿಗೆ ಹುಡುಕಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಟಿ ಕೋಟಿಯ ನೂರು ಪಟ್ಟು ಅಕ್ಷರ. ಅವರು ಹುಡುಕಿದ್ದು ಆರ್‌ಎನ್‌ಎ ವೈರಸ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುವ ಒಂದೇ ಒಂದು ಜೀನನ್ನು. ಅದಕ್ಕೆ ಮುಂಚೆ ಗೊತ್ತಿದ್ದದ್ದು ಸುಮಾರು 15,000 ಬಗೆ. ಹೊಸದಾಗಿ ಸಿಕ್ಕಿದ್ದು 1,30,000ಕ್ಕೂ ಜಾಸ್ತಿ. ಒಂದು ಹೊಸ ಮಾದರಿಯನ್ನೂ ಅವರು ತೆಗೆಯಲಿಲ್ಲ.

ಆಲ್ಫಾಫೋಲ್ಡ್ ಹೆಸರು ನೀವು ಕೇಳಿರಬಹುದು, ಪ್ರೋಟೀನಿನ ಆಕಾರ ಊಹಿಸುವ ಎಐ. 2024ರ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿತು. ಅದು ಕೂಡ ಮೊದಲು ಮಾಡುವುದು ಇದೇ ಕೆಲಸ. ನೀವು ಕೊಟ್ಟ ಪ್ರೋಟೀನಿನ ನೆಂಟರನ್ನೆಲ್ಲ ಡೇಟಾಬೇಸ್‌ನಿಂದ ಹುಡುಕಿ ತಂದು ಸಾಲಾಗಿ ನಿಲ್ಲಿಸುತ್ತದೆ. ಎರಡು ಜಾಗದ ಅಕ್ಷರಗಳು ಯಾವಾಗಲೂ ಜೊತೆಜೊತೆಗೆ ಬದಲಾಗುತ್ತಿದ್ದರೆ, ಮಡಚಿದ ಪ್ರೋಟೀನಿನಲ್ಲಿ ಆ ಎರಡು ಜಾಗ ಅಕ್ಕಪಕ್ಕ ಇರಬಹುದು ಅನ್ನುವ ಸುಳಿವು ಸಿಗುತ್ತದೆ. ಹೊಗಳಿಕೆ ಯಂತ್ರಕ್ಕೆ ಹೋಗುತ್ತದೆ. ಸಲ್ಲಬೇಕಾದ್ದರಲ್ಲಿ ಒಂದು ಪಾಲು ನಲವತ್ತು ವರ್ಷ ಅಕ್ಷರ ತುಂಬಿದವರದ್ದು.

ಎಲ್ಲವನ್ನೂ ಹೀಗೆ ತೆರೆದಿಡಬಹುದಾ? ಈ ಪ್ರಶ್ನೆಯೂ ಬಂತು. 1996ರಲ್ಲಿ ಮಾನವ ಜೀನೋಮ್ ಯೋಜನೆಯ ವಿಜ್ಞಾನಿಗಳು ಬರ್ಮುಡಾದಲ್ಲಿ ಸೇರಿ, ಓದಿದ್ದನ್ನು 24 ಗಂಟೆಯೊಳಗೆ ಎಲ್ಲರಿಗೂ ಬಿಡೋಣ ಅಂತ ತೀರ್ಮಾನಿಸಿದರು. ಲೇಖನ ಬರೆಯುವವರೆಗೂ ಕಾಯುವುದಿಲ್ಲ, ಪೇಟೆಂಟ್ ಹಿಡಿಯುವುದಿಲ್ಲ. ಅದು ಧೈರ್ಯದ ತೀರ್ಮಾನ. ಆದರೆ ಮನುಷ್ಯರ ವಿಷಯ ಬಂದಾಗ ಇನ್ನೊಂದು ಮುಖವೂ ಇದೆ. ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಡ್ಡೆಯಿಂದ 1951ರಲ್ಲಿ ಅವರನ್ನು ಕೇಳದೆ ತೆಗೆದ ಜೀವಕೋಶಗಳು ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. 2013ರಲ್ಲಿ ಆ ಕೋಶಗಳ ಜೀನೋಮನ್ನು ಓದಿ ಎಲ್ಲರಿಗೂ ಕಾಣುವ ಹಾಗೆ ಹಾಕಿದರು. ಮನೆಯವರನ್ನು ಮತ್ತೊಮ್ಮೆ ಯಾರೂ ಕೇಳಲಿಲ್ಲ. ಅಮ್ಮನ, ಅಜ್ಜಿಯ ಜೀನೋಮ್ ಅಂದರೆ ಮಕ್ಕಳ, ಮೊಮ್ಮಕ್ಕಳ ಜೀನೋಮಿನ ಒಂದು ಭಾಗವೂ ಹೌದಲ್ವಾ? ಆಕ್ಷೇಪ ಬಂದ ಮೇಲೆ ತೆಗೆದರು. ಈಗ ಅದನ್ನು ನೋಡಬೇಕಾದರೆ ಅರ್ಜಿ ಹಾಕಬೇಕು. ಅರ್ಜಿ ನೋಡುವ ಸಮಿತಿಯಲ್ಲಿ ಅವರ ಕುಟುಂಬದವರೂ ಇದ್ದಾರೆ. ಇದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ವೈರಸ್, ಬ್ಯಾಕ್ಟೀರಿಯಾ, ಗಿಡ, ಹುಳ ತೆರೆದಿರಲಿ. ಗುರುತು ಹಿಡಿಯಬಹುದಾದ ಮನುಷ್ಯರದ್ದು ಬಾಗಿಲ ಹಿಂದೆ ಇರಲಿ, ಆದರೆ ಕಾರಣ ಕೊಟ್ಟವರಿಗೆ ಬಾಗಿಲು ತೆರೆಯಲಿ.

ಗಿಡ, ಸೂಕ್ಷ್ಮಜೀವಿ ಬಂದ ದೇಶಕ್ಕೆ ಲಾಭದಲ್ಲಿ ಪಾಲು ಬೇಡವೇ ಅನ್ನುವ ವಾದವೂ ನ್ಯಾಯವಾದದ್ದೇ. ಮಾದರಿ ಗಡಿ ದಾಟದೆಯೇ ಈಗ ಅದರ ಅಕ್ಷರ ಗಡಿ ದಾಟುತ್ತದೆ. 2022ರ ಜೀವವೈವಿಧ್ಯ ಸಮಾವೇಶದಲ್ಲಿ, ಇಂಥ ಅಕ್ಷರಗಳಿಂದ ಬರುವ ಲಾಭ ಹಂಚಲು ಎಲ್ಲ ದೇಶಗಳಿಗೂ ಸೇರಿದ ಒಂದು ವ್ಯವಸ್ಥೆ ಬೇಕು ಅಂತ ಒಪ್ಪಿಕೊಂಡರು. ಡೇಟಾಬೇಸ್‌ಗೆ ಬೀಗ ಹಾಕದೆ ಇದನ್ನು ಸಾಧಿಸಬೇಕು.

ಕೊನೆಯಲ್ಲಿ ನಾವೆಲ್ಲ ಸೇರಿ ಒಂದು ಹುಡುಕಾಟ ಮಾಡಿದೆವು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಲಾಗಿನ್ ಬೇಕಾಗಿಲ್ಲ. ಮೊದಲು ತೋರಿಸಿದ ಫೈಲಿನ ಮೊದಲ ಸಾಲು, ಆ ಅರವತ್ತು ಅಕ್ಷರ, ಬ್ಲಾಸ್ಟ್‌ಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಪರದೆ ತುಂಬ ಕೊರೊನಾ ವೈರಸ್. ನಡುವೆ ಒಂದು ಅಕ್ಷರ ಬೇಕಂತಲೇ ತಪ್ಪು ಹಾಕಿದೆವು. ಆಗಲೂ ಗುರುತು ಹಿಡಿಯಿತು. ಐವತ್ತೊಂಬತ್ತು ಹೊಂದಿತು, ಒಂದು ಹೊಂದಲಿಲ್ಲ ಅಂತ ತೋರಿಸಿತು.

ಆಮೇಲೆ ಸಭೆಯಲ್ಲಿದ್ದವರು ಬಾಯಿಗೆ ಬಂದ ಅಕ್ಷರ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ಅರವತ್ತು ಅಕ್ಷರ ಆಯಿತು. ಹುಡುಕಿದೆವು. ಗಣನೀಯವಾದ ಹೋಲಿಕೆ ಯಾವುದೂ ಸಿಗಲಿಲ್ಲ ಅಂತ ಉತ್ತರ ಬಂತು.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಕೇಳಿದಳು: "ಹಾಗಾದರೆ ಇದು ಯಾವ ಜೀವಿಯಲ್ಲೂ ಇಲ್ಲ ಅಂತಾನಾ?"

ಅಲ್ಲಮ್ಮ. ಇಲ್ಲಿಯವರೆಗೆ ಯಾರೂ ತಂದು ಇಟ್ಟಿಲ್ಲ ಅಂತ ಮಾತ್ರ. ಮೊಹಿಕಾ ಹುಡುಕಿದ 4,500ರಲ್ಲಿ 88 ಬಿಟ್ಟು ಉಳಿದವಕ್ಕೂ ಅವತ್ತು ಇದೇ ಉತ್ತರ ಬಂದಿತ್ತು. ಅಂಥ ಚರಣಗಳು ಈಗ ಎಷ್ಟೋ ಪಟ್ಟು ಜಾಸ್ತಿ ಸಿಕ್ಕಿವೆ. ಅವುಗಳಲ್ಲಿ ಬಹುಪಾಲು ಯಾವ ವೈರಸ್ಸಿನದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಆ ಅರವತ್ತು ಅಕ್ಷರವನ್ನು ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮುಂದಿನ ವರ್ಷ ಮತ್ತೆ ಹಾಕಿ ನೋಡುತ್ತಾಳಂತೆ.